ಸೊಂಟಕ್ಕೆ ಕಟ್ಟಿದ ಪಂಪು

ನನ್ನ ಉಸಿರಿನ ಬಗ್ಗೆ ಅಭಿಪ್ರಾಯವಿಲ್ಲದ ಒಬ್ಬರೂ ನಮ್ಮ ನೆಂಟರಲ್ಲಿಲ್ಲ. ಬಾಳೆಹಣ್ಣು ತಿನ್ನಬೇಡ ಎನ್ನುವವರಿದ್ದಾರೆ, ಮೊಸರು ಮುಟ್ಟಬೇಡ ಎನ್ನುವವರಿದ್ದಾರೆ, ಸಂಜೆ ತಲೆಗೆ ಸ್ನಾನ ಮಾಡಿದ್ದಕ್ಕೇ ಇದೆಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ಮದುವೆಯ ಊಟದಲ್ಲಿ ಐಸ್‌ಕ್ರೀಮಿನ ಕಪ್ಪು ಕೈಗೆತ್ತಿಕೊಂಡರೆ ಸಾಕು, ದೂರದ ಟೇಬಲ್ಲಿನಿಂದ ಯಾರಾದರೂ ತಲೆಯಾಡಿಸುತ್ತಾರೆ. ಅವರಲ್ಲಿ ಯಾರೂ ಡಾಕ್ಟರಲ್ಲ. ಆದರೂ ನನ್ನ ಎದೆಯೊಳಗೆ ಏನು ನಡೆಯುತ್ತಿದೆ ಎಂಬುದು ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತು.

ನನಗೆ ಅಸ್ತಮಾ. ನಮ್ಮ ಕಡೆ ಅದಕ್ಕೆ ದಮ್ಮು ಎನ್ನುತ್ತಾರೆ, ಅದನ್ನೂ ಸ್ವರ ತಗ್ಗಿಸಿ. ಸಕ್ಕರೆ ಕಾಯಿಲೆಯನ್ನು ಜನ ಬಸ್ಸಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಬಿಪಿ ಇದ್ದವರಂತೂ ಅದನ್ನು ಸನ್ಮಾನದ ಶಾಲಿನ ಹಾಗೆ ಹೊದ್ದು ತಿರುಗುತ್ತಾರೆ. ದಮ್ಮಿಗೆ ಮಾತ್ರ ಆ ಮರ್ಯಾದೆ ಇಲ್ಲ. ಹೆಣ್ಣಿಗೆ ದಮ್ಮು ಎಂದು ಗೊತ್ತಾದರೆ ಅವಳ ಮದುವೆಯ ಮಾತು ಮುರಿಯುತ್ತದೆ, ಆಮೇಲೆ ಅವಳ ಮಗಳದ್ದೂ ಮುರಿಯುತ್ತದೆ ಎಂಬ ಹೆದರಿಕೆ. ಹಾಗಾಗಿ ನನ್ನ ಅತ್ತೆ, ಎಂದರೆ ಗಂಡನ ತಾಯಿ, ಮನೆಗೆ ಯಾರಾದರೂ ಬರುತ್ತಾರೆಂದರೆ ಮೊದಲು ಮಾಡುವ ಕೆಲಸ ಟಿವಿಯ ಬದಿಯಲ್ಲಿರುವ ನನ್ನ ಪಂಪನ್ನು, ಎಂದರೆ ಉಸಿರಿಗೆ ಮದ್ದು ಎಳೆಯುವ ಇನ್‌ಹೇಲರನ್ನು, ಎತ್ತಿ ಬಟ್ಟೆಯ ಕಪಾಟಿನಲ್ಲಿ ಅಡಗಿಸುವುದು. ಆಮೇಲೆ ಚಹಾಕ್ಕೆ ನೀರಿಡುವುದು. ಅವರು ಕೆಟ್ಟವರಲ್ಲ. ಆದರೆ ಕಪಾಟಿನ ಬೀಗದ ಕೈ ಅವರ ಸೊಂಟದಲ್ಲಿರುತ್ತದೆ, ಉಸಿರು ಕಟ್ಟುವುದು ನನಗೆ.

ಮಂಗಳೂರಿನ ಬಿಜೈಯಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ಮನೆ ಬಿಕರ್ನಕಟ್ಟೆಯಲ್ಲಿ. ದಿನಾ ಸ್ಕೂಟರಿನಲ್ಲಿ ನಂತೂರು ದಾಟಿ ಹೋಗಬೇಕು. ಅಲ್ಲಿ ಸಿಗ್ನಲಿಗೆ ನಿಂತಾಗ ಎಡಬದಿಯ ಲಾರಿ ನನ್ನ ಮುಖಕ್ಕೇ ಗುರಿಯಿಟ್ಟು ಹೊಗೆ ಬಿಡುತ್ತದೆ. ಅಂಗಡಿ ತಲುಪಿದರೆ ಬಟ್ಟೆಯ ನವಿರು ಧೂಳು. ದಮ್ಮಿನವಳಿಗೆ ಇದಕ್ಕಿಂತ ಕೆಟ್ಟ ಕೆಲಸ ಹುಡುಕಿದರೂ ಸಿಗದು ಎಂದು ಗಂಡ ತಮಾಷೆ ಮಾಡುತ್ತಾರೆ. ಆದರೆ ನನಗೆ ಬರುವ ಕೆಲಸ ಅದು, ಊರಿನ ಅರ್ಧ ಹೆಂಗಸರ ಅಳತೆ ನನ್ನ ಬಾಯಲ್ಲಿದೆ. ಮಾಸ್ಕು ಹಾಕಿಕೊಳ್ಳುತ್ತೇನೆ, ಅಂಗಡಿಯನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಬಿಡುವ ಪ್ರಶ್ನೆ ಇಲ್ಲ.

ವರ್ಷಗಟ್ಟಲೆ ನನ್ನ ಹತ್ತಿರ ಇದ್ದದ್ದು ನೀಲಿ ಬಣ್ಣದ ಪಂಪು ಒಂದೇ. ಕಟ್ಟಿದಾಗ ಒತ್ತುವುದು, ಬಿಟ್ಟಾಗ ಮರೆಯುವುದು. ಪಂಪು ಅಭ್ಯಾಸವಾದರೆ ಮತ್ತೆ ಬಿಡುವುದಿಲ್ಲ, ಅದು ಕೊನೆಯ ಮದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಹಾಗೆ ಹೇಳಿದವರಲ್ಲಿ ದಿನಾ ಎಲೆಯಡಿಕೆ ಇಲ್ಲದೆ ಬೆಳಗಿನ ಕೆಲಸಕ್ಕೆ ಹೋಗಲಾಗದವರೂ ಇದ್ದರು. ಒಂದು ಮಳೆಗಾಲದಲ್ಲಿ ಅಂಗಡಿಯ ಮೆಟ್ಟಿಲು ಹತ್ತುವಾಗಲೂ ಕುಳಿತುಕೊಳ್ಳಬೇಕಾಗಿ ಬಂದಾಗ ಹೊಸ ಡಾಕ್ಟರೊಬ್ಬರ ಹತ್ತಿರ ಹೋದೆ. ನನಗಿಂತ ಚಿಕ್ಕ ಪ್ರಾಯದ ಹೆಂಗಸು. ಅವರು ಕೇಳಿದ ಮೊದಲ ಮಾತು, "ಪಂಪ್ ಎಳೆಯುವುದು ಹೇಗೆ ಅಂತ ಒಮ್ಮೆ ತೋರ್ಸಿ ನೋಡುವ." ತೋರಿಸಿದೆ. "ಮದ್ದು ಅರ್ಧ ನಾಲಿಗೆಗೆ ಹೋಯ್ತು" ಎಂದರು. ಅಷ್ಟು ವರ್ಷ ಬೇರೆ ಬೇರೆ ಕಡೆ ಚೀಟಿ ಬರೆಸಿಕೊಂಡಿದ್ದೆ. ಎಳೆಯುವುದು ಹೇಗೆಂದು ತೋರಿಸಿಕೊಟ್ಟವರು ಒಬ್ಬರೂ ಇರಲಿಲ್ಲ ಎಂದು ನನಗೆ ಆವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅವರು ನನಗೆ ನೇರಳೆ ಬಣ್ಣದ ಇನ್ನೊಂದು ಪಂಪು ಕೊಟ್ಟರು. ಅದರಲ್ಲಿ ಎರಡು ಮದ್ದು ಒಟ್ಟಿಗೆ ಇವೆ. ಒಂದು ಶ್ವಾಸನಾಳದ ಒಳಗಿನ ಊತ ಇಳಿಸುತ್ತದೆ, ಇನ್ನೊಂದು ಅದನ್ನು ತುಂಬ ಹೊತ್ತು ಅಗಲವಾಗಿ ಇಡುತ್ತದೆ. ಬೆಳಿಗ್ಗೆ ಮತ್ತು ರಾತ್ರಿ, ದಮ್ಮು ಇರಲಿ ಇಲ್ಲದಿರಲಿ, ಬರೆದುಕೊಟ್ಟಷ್ಟೇ. ನೀಲಿ ಕೈಗೆ ಸಿಗುವಲ್ಲೇ ಇರಬೇಕು, ಕಟ್ಟಿದಾಗ ಮಾತ್ರ.

"ಆರಾಮ ಇರುವಾಗಲೂ ಎಂತಕ್ಕೆ ಡಾಕ್ಟ್ರೇ?" ಎಂದು ಕೇಳಿದೆ.

"ಮಂಗಳೂರಿನವರಿಗೆ ಮಳೆಯ ವಿಷಯ ನಾನು ಹೇಳ್ಬೇಕಾ?" ಎಂದರು. "ಮಳೆ ಸುರಿಯುವಾಗ ಮನೆಯ ಮಾಡು ಹತ್ತಿದ್ರೆ ಎಂತ ಪ್ರಯೋಜನ? ಟಾರ್ಪಾಲು ಮೊದ್ಲೇ ಹಾಕ್ಬೇಕು. ನೇರಳೆ ಅಂದ್ರೆ ಆ ಟಾರ್ಪಾಲು. ನೀಲಿ ಅಂದ್ರೆ ಸೋರಿದಲ್ಲಿ ಇಡುವ ಬಾಲ್ದಿ. ಬರೀ ಬಾಲ್ದಿ ಇಟ್ಕೊಂಡು ಎಷ್ಟು ಮಳೆಗಾಲ ಕಳೀತೀರಿ?"

ಉದ್ದದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಕೊಟ್ಟರು, ಅದಕ್ಕೆ ಸ್ಪೇಸರ್ ಎಂದು ಹೆಸರು. ಪಂಪನ್ನು ಚೆನ್ನಾಗಿ ಕುಲುಕಿ ಡಬ್ಬಿಯ ಹಿಂಬದಿಗೆ ಸಿಕ್ಕಿಸಬೇಕು. ಒಳಗಿನ ಉಸಿರನ್ನೆಲ್ಲ ಬಿಟ್ಟು, ಡಬ್ಬಿಯ ಬಾಯಿಗೆ ತುಟಿ ಬಿಗಿದು, ಒಮ್ಮೆ ಒತ್ತಿ, ನಿಧಾನವಾಗಿ ಎಳೆದು, ಆದಷ್ಟು ಹೊತ್ತು ಹಿಡಿದಿಡಬೇಕು. ಎರಡನೆಯ ಸಲ ಬೇಕಿದ್ದರೆ ಸ್ವಲ್ಪ ತಡೆದು ಮತ್ತೆ ಮೊದಲಿನಿಂದ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು, ನೀರನ್ನು ನುಂಗಬಾರದು. "ಉಗುಳದಿದ್ರೆ ಬಾಯಲ್ಲಿ ಬಿಳಿ ಬಿಳಿ ಆಗ್ತದೆ, ಸ್ವರ ಒಡೀತದೆ. ಆರಾಮಾಯ್ತು ಅಂತ ನೀವಾಗಿ ನಿಲ್ಲಿಸ್ಬೇಡಿ. ನೀಲಿ ಪದೇ ಪದೇ ಬೇಕಾಗ್ತಾ ಉಂಟು ಅಂತ ಅನ್ನಿಸಿದ್ರೆ ಇಲ್ಲಿಗೆ ಬನ್ನಿ, ಒತ್ತುತ್ತಾ ಕೂರ್ಬೇಡಿ" ಎಂದರು. ಸ್ವರ ಒಡೆಯುವ ಮಾತು ನನಗೆ ನಾಟಿತು, ಏಕೆಂದರೆ ನಾನು ಹಾಡುವವಳು. ನಮ್ಮ ಕೇರಿಯ ಭಜನಾ ಮಂದಿರದಲ್ಲಿ ಶನಿವಾರಗಳಂದು ಮೂಲೆಯಲ್ಲಿ ಕುಳಿತು ಎಷ್ಟೋ ವರ್ಷದಿಂದ ಹಾಡುತ್ತಿದ್ದೆ.

ಮುಂದಿನ ಮಳೆಗಾಲದ ಹೊತ್ತಿಗೆ ಅಂಗಡಿಯ ಮೆಟ್ಟಿಲನ್ನು ಬಟ್ಟೆಯ ಕಟ್ಟು ಹಿಡಿದುಕೊಂಡೇ ಹತ್ತುತ್ತಿದ್ದೆ. ಅದೇ ಸಮಯಕ್ಕೆ ಮಂದಿರದಲ್ಲಿ ಹೆಂಗಸರ ಕುಣಿತ ಭಜನೆ ತಂಡ ಮಾಡುವುದೆಂದಾಯಿತು. ಈಗ ನಮ್ಮೂರಲ್ಲಿ ಎಲ್ಲಿ ನೋಡಿದರೂ ಅದೇ ಸುದ್ದಿ. ನಡುವೆ ದೀಪ ಇಟ್ಟು, ಸುತ್ತ ವೃತ್ತವಾಗಿ ನಿಂತು, ಕೈಯಲ್ಲಿ ತಾಳ ಹಿಡಿದು, ಹಾಡುತ್ತಲೇ ಕುಣಿಯುವುದು. ಮೊದಲು ನಿಧಾನ, ಆಮೇಲೆ ಹೆಜ್ಜೆ ಓಡುತ್ತದೆ, ಸ್ವರ ಏರುತ್ತದೆ. ಹೊರಗಿನಿಂದ ನೋಡುವವರಿಗೆ ಭಕ್ತಿ, ಒಳಗಿರುವವರಿಗೆ ಭಕ್ತಿಯೂ ಹೌದು, ಅದರ ಮೇಲೆ ಒಂದು ಖುಷಿ. ನನಗೆ ಅದರೊಳಗೆ ನಿಲ್ಲಬೇಕಿತ್ತು. ಚಿಕ್ಕಂದಿನಲ್ಲಿ ಶಾಲೆಯ ಆಟದ ಪೀರಿಯಡ್ಡಿನಲ್ಲಿ ಟೀಚರು ನನ್ನನ್ನು ಮರದ ಬುಡದಲ್ಲಿ ಕೂರಿಸಿ ಎಲ್ಲರ ಚೀಲ ಕಾಯಲು ಹೇಳುತ್ತಿದ್ದರು. ಇನ್ನೊಬ್ಬರ ಚೀಲ ಕಾದು ನನಗೆ ಸಾಕಾಗಿತ್ತು.

"ನಿನಗೆ ಎಂತಕ್ಕೆ ಕುಣಿತ?" ಎಂದರು ಅತ್ತೆ. "ಕೂತು ಹಾಡಿದ್ರೆ ದೇವರಿಗೆ ಕೇಳುವುದಿಲ್ಲವಾ?"

"ದೇವರಿಗೆ ಕೇಳ್ತದೆ ಅತ್ತೆ. ನನಗೆ ಕುಣೀಬೇಕು."

ತಂಡಕ್ಕೆ ಕಲಿಸುವ ಮಾಸ್ಟ್ರು ಒಳ್ಳೆಯ ಮನುಷ್ಯ, ಆದರೆ ಅವರಿಗೆ ತಂಡವೆಂದರೆ ಬಹುಮಾನದ ಲೆಕ್ಕ. ಅವರು ಎದುರಿಗೆ ಬೇಡ ಎನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಬೇಡ ಎಂದವರು ನಮ್ಮ ಬೀದಿಯ ಕೊನೆಯ ದೊಡ್ಡ ಮನೆಯ ಅಕ್ಕ. ಅವರ ಮನೆಯವರಿಗೆ ಹೋಟೆಲು ಉಂಟು, ಹಿಂದೆ ಗದ್ದೆ, ಗುತ್ತಿನ ಮನೆ ಎಂಬ ದೊಡ್ಡ ಹೆಸರು ಎಲ್ಲ ಇದ್ದ ಮನೆತನ. ತಂಡದಲ್ಲಿ ಅವರದ್ದೇ ಎತ್ತರದ ಸ್ವರ. "ನೀವು ಹಿಂದೆ ಕೂತು ತಾಳ ಹಾಕಿ ಮಾರಾಯ್ತಿ. ನಡುವಲ್ಲಿ ದಮ್ಮು ಕಟ್ಟಿದ್ರೆ ನಮಗೆಲ್ಲ ಟೆನ್ಶನ್" ಎಂದರು, ಬಹಳ ನಯವಾಗಿ.

ಆ ಹೊತ್ತಿಗೆ ಇಡೀ ತಂಡದ ಬ್ಲೌಸಿನ ಬಟ್ಟೆ ಹೊಲಿಯಲೆಂದು ನನ್ನ ಕೈಗೆ ಬಂದಿತ್ತು, ಕಟ್ಟು ನನ್ನ ಬದಿಯಲ್ಲೇ ಇತ್ತು. "ಬ್ಲೌಸ್ ಹೊಲಿಯಲಿಕ್ಕೆ ನನ್ನ ದಮ್ಮು ಅಡ್ಡ ಬರುವುದಿಲ್ಲ, ಕುಣಿಯಲಿಕ್ಕೆ ಮಾತ್ರ ಬರ್ತದಾ?" ಎಂದು ಕೇಳಿದೆ. ಡಾಕ್ಟರರನ್ನು ಕೇಳಿಯೇ ಬಂದಿದ್ದೆ. ಹತೋಟಿಯಲ್ಲಿರುವ ತನಕ ಕುಣಿಯಬಹುದು, ನಿಧಾನವಾಗಿ ಶುರು ಮಾಡಬೇಕು, ಎದೆಯಲ್ಲಿ ಸಿಳ್ಳೆ ಕೇಳಿದರೆ ನಿಲ್ಲಿಸಬೇಕು, ನೀಲಿ ಜೊತೆಯಲ್ಲಿರಬೇಕು ಎಂದು ಹೇಳಿದ್ದರು. ಅಷ್ಟನ್ನೂ ಮಾಸ್ಟ್ರಿಗೆ ಹೇಳಿದೆ. ಅವರು ಬ್ಲೌಸಿನ ಬಟ್ಟೆಯ ಕಡೆಗೊಮ್ಮೆ ನೋಡಿ, "ನೋಡುವ ಅಕ್ಕ" ಎಂದರು. ಮಂದಿರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಭಜನಾ ಮಂಗಲೋತ್ಸವದಲ್ಲಿ ತಂಡದ ಮೊದಲ ಕುಣಿತ ಎಂದು ನಿಶ್ಚಯವಾಗಿತ್ತು. ವೃತ್ತದಲ್ಲಿ ನನ್ನ ಜಾಗ ಅಲ್ಲಿಯವರೆಗೆ ಉಳಿಯುತ್ತದೋ ಇಲ್ಲವೋ ಎಂಬುದೊಂದೇ ನನಗಿದ್ದ ಚಿಂತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ನೆಲದ ಬಗ್ಗೆ ದೂರಿರಲಿಲ್ಲ. ಮಂದಿರದ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿ ಚೆನ್ನಾಗಿಯೇ ಇಟ್ಟಿದ್ದರು. ಪ್ರತಿ ಸಂಜೆ ಅಭ್ಯಾಸಕ್ಕೆ ಹೋದೆ, ಮೊದಲು ಕಡಿಮೆ ಹೊತ್ತು, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚು. ನಡುವೆ ಬಿಡುವು ಕೊಟ್ಟಾಗ ದೊಡ್ಡ ಮನೆಯ ಅಕ್ಕ ಮುಖ ತೊಳೆಯಲು ಮಂದಿರದ ಹಿಂಬದಿಗೆ ಹೋಗುತ್ತಿದ್ದರು, ನಾನು ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದೆ. ನೀಲಿ ಪಂಪು ಚೀಲದಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಅದು ಬೇಡವಾದಷ್ಟೂ ನನಗೆ ಸೊಕ್ಕು ಬರುತ್ತಿತ್ತು.

ಆಗ ನನ್ನ ಒಡಹುಟ್ಟಿದ ಅಣ್ಣ ಗಲ್ಫಿನಿಂದ ರಜೆಗೆ ಬಂದು ನಮ್ಮ ಮನೆಯಲ್ಲೇ ಉಳಿದ.

ಗಲ್ಫಿನಿಂದ ಬಂದವರ ಸೂಟ್‌ಕೇಸು ತೆರೆಯುವುದು ನಮ್ಮಲ್ಲಿ ಒಂದು ಪೂಜೆಯೇ. ಎಲ್ಲರೂ ಚಾವಡಿಯಲ್ಲಿ ಸುತ್ತ ಕೂರಬೇಕು, ಅವನು ನಡುವೆ ಮೊಣಕಾಲೂರಿ ಟೇಪು ಕತ್ತರಿಸಬೇಕು. ಸಾಬೂನು, ಸೆಂಟು, ಹಾಲಿನ ಪುಡಿ, ಖರ್ಜೂರ, ಅತ್ತೆಯ ಮಂಡಿಗೆ ಹಚ್ಚುವ ಹಸಿರು ಎಣ್ಣೆ. ಆ ಎಣ್ಣೆ ಇಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಹಾಗೆ ಹೇಳುವುದು ಅಪಶಕುನ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಮ್ಮ ಊರಿನವರಷ್ಟು ನಡೆದುಕೊಂಡವರು ಬೇರೆ ಇಲ್ಲ. ವಿಮಾನದಲ್ಲಿ ಬಂದರೆ ಉಪ್ಪಿಗೂ ಗುಣ ಹೆಚ್ಚು.

ಎಲ್ಲ ಹಂಚಿ ಮುಗಿದ ಮೇಲೆ ಅಣ್ಣ ನನ್ನ ಕೈಯಲ್ಲಿ ಗುಂಡಗಿನ, ಬಸವನಹುಳುವಿನ ಚಿಪ್ಪಿನಂಥ ಒಂದು ಪಂಪು ಇಟ್ಟ. "ಇದು ಅಲ್ಲಿಯದ್ದು. ನನ್ನ ರೂಮಿನವನಿಗೆ ಡಾಕ್ಟ್ರು ಬರೆದು ಕೊಟ್ಟದ್ದು, ಅವನ ಹತ್ರ ಹೇಳಿ ಒಂದು ಹೆಚ್ಚಿಗೆ ತರಿಸಿದೆ. ಇಲ್ಲಿಯದ್ದೆಲ್ಲ ನೀರು ಮಾರಾಯ್ತಿ. ಇದು ಸ್ಟ್ರಾಂಗ್ ಉಂಟು."

"ನನಗೆ ಬರೆದು ಕೊಟ್ಟದ್ದು ಬೇರೆ ಉಂಟಲ್ಲ ಅಣ್ಣ."

"ಇದರಲ್ಲಿ ಎರಡು ಮದ್ದು ಒಟ್ಟಿಗೆ ಉಂಟು."

"ನನ್ನದರಲ್ಲೂ ಉಂಟು. ಡಾಕ್ಟ್ರಲ್ಲಿ ಕೇಳದೆ ನಾನು ಮುಟ್ಟುವುದಿಲ್ಲ."

ಅವನ ಮುಖ ಸಣ್ಣದಾಯಿತು. ಬಿಸಿಲಿನಲ್ಲಿ ದುಡಿಯುವವನು ತಂಗಿಯ ಉಸಿರನ್ನು ನೆನೆದು ತಂದದ್ದನ್ನು ತಂಗಿ ಮುಟ್ಟುವುದಿಲ್ಲ ಎಂದರೆ ಹೇಗಾಗಬೇಡ. ನನಗೂ ಬೇಸರವಾಯಿತು. ಆದರೆ ಪ್ರೀತಿಯಿಂದ ತಂದದ್ದೆಂದು ಅಳತೆ ಸರಿಯಿಲ್ಲದ ಬ್ಲೌಸು ಮೈಗೆ ಹಿಡಿಸುವುದಿಲ್ಲ. ಪಂಪನ್ನು ಟಿವಿಯ ಬದಿಯಲ್ಲಿಟ್ಟು ಸುಮ್ಮನಾದೆ. "ಅವಳಿಗೆ ಸೊಕ್ಕು" ಎಂದು ಅತ್ತೆ ಅಡುಗೆ ಮನೆಯಿಂದ ಹೇಳಿದ್ದು ಕೇಳಿಸಿತು.

ಮಂಗಲೋತ್ಸವ ಹತ್ತಿರ ಬಂದಿತ್ತು. ಒಂದು ಭಾನುವಾರ ಸಂಜೆ ಅಭ್ಯಾಸ ಜೋರಾಗಿತ್ತು. ಮಂದಿರದ ಪಕ್ಕದ ಮನೆಯವರು ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಹಾಕಿದರು. ತರಗೆಲೆಯ ಜೊತೆ ಪ್ಲಾಸ್ಟಿಕ್ಕೂ ಇದ್ದಿರಬೇಕು, ಹೊಗೆ ಕಂಪೌಂಡು ದಾಟಿ ನಮ್ಮ ವೃತ್ತದೊಳಗೆ ಇಳಿಯಿತು. ಎದೆಯಲ್ಲಿ ಸಣ್ಣ ಸಿಳ್ಳೆ ಕೇಳಿದ ಕೂಡಲೇ ತಾಳ ಕೆಳಗಿಟ್ಟು ಹೊಗೆಯಿಲ್ಲದ ಕಡೆಗೆ ನಡೆದೆ. ಚೀಲಕ್ಕೆ ಕೈ ಹಾಕಿದೆ. ಸ್ಪೇಸರ್ ಇತ್ತು. ನೀಲಿ ಇರಲಿಲ್ಲ. ಅದರ ಜಾಗದಲ್ಲಿ ಆ ಗುಂಡಗಿನ ಗಲ್ಫಿನ ಪಂಪು ಕುಳಿತಿತ್ತು.

ಫೋನು ತೆಗೆದು ಅಣ್ಣನಿಗೆ ಮಾಡಿದೆ. "ನೀಲಿ ಎಲ್ಲಿ?"

"ಅದನ್ನು ಅತ್ತೆಗೆ ಕೊಟ್ಟೆ, ಕಪಾಟಿನಲ್ಲಿ ಉಂಟು. ಅದು ಯಾಕೆ ನಿನಗೆ? ಇದು ಒಂದರಲ್ಲೇ ಎಲ್ಲ ಉಂಟಲ್ಲ."

"ನೀಲಿ ತಾ. ಈಗ" ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ಉಸಿರಿರಲಿಲ್ಲ.

ಅಷ್ಟರಲ್ಲಿ ತಂಡವೆಲ್ಲ ನನ್ನ ಸುತ್ತ ನೆರೆದಿತ್ತು. ಯಾರೋ ಮಲಗಿಸಿ ಎಂದರು. ನಾನು ತಲೆಯಾಡಿಸಿ ಬೆನ್ನು ನೇರ ಮಾಡಿ, ಮುಂದಕ್ಕೆ ಬಾಗಿ, ಮಂಡಿಯ ಮೇಲೆ ಕೈಯೂರಿ ಕುಳಿತೆ. ಯಾರೋ ಮೂಗಿನ ಹತ್ತಿರ ಅಂಥದ್ದೇ ಹಸಿರು ಎಣ್ಣೆ ತಂದರು, ಕೈಯಿಂದ ತಳ್ಳಿದೆ. ಮಾಸ್ಟ್ರು ನನ್ನ ಕೈಯಲ್ಲಿದ್ದ ಗುಂಡಗಿನ ಪಂಪನ್ನು ನೋಡಿ, "ಅಕ್ಕ, ಇದುಂಟಲ್ಲ, ಎಳೀರಿ" ಎಂದರು. ಅದು ಮೆಲ್ಲನೆ ಕೆಲಸ ಮಾಡುವ ಮದ್ದು, ದಿನಾ ತೆಗೆದುಕೊಳ್ಳುವ ಜಾತಿಯದ್ದು, ಕಟ್ಟಿದ ಉಸಿರನ್ನು ಅಲ್ಲೇ ಬಿಡಿಸಲು ಅದನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ನನ್ನ ನೇರಳೆಯನ್ನು ಆಗಲೇ ಎಳೆದಿದ್ದೆ. ಅದರ ಮೇಲೆ ಇದೂ ಸೇರಿದರೆ ಒಂದೇ ಬಗೆಯ ಮದ್ದು ಎರಡು ಪಟ್ಟು ಆಗಬಹುದು. ಇದನ್ನೆಲ್ಲ ವಿವರಿಸಲು ಬಾಯಿ ಇರಲಿಲ್ಲ. ಅದನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡೆ, ಯಾರ ಕೈಗೂ ಕೊಡಲಿಲ್ಲ. ನನಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ನನ್ನ ಉಸಿರಿಗೆ ಬೇಕಾದದ್ದು ನಾಲ್ಕು ಮನೆಯಾಚೆ ಸೀರೆಗಳ ನಡುವೆ ಬೀಗದೊಳಗೆ ಇತ್ತು.

ಅಣ್ಣ ಚಪ್ಪಲಿಯಿಲ್ಲದೆ ಓಡಿ ಬಂದ. ನೀಲಿಯನ್ನು ಕುಲುಕಿ ಡಬ್ಬಿಗೆ ಸಿಕ್ಕಿಸಿದೆ. ಒತ್ತಿ ಎಳೆದೆ, ತಡೆದೆ, ಮತ್ತೆ ಕುಲುಕಿ ಎಳೆದೆ. ಮೆಲ್ಲಗೆ ಒಂದು ಸಣ್ಣ ದಾರಿ ತೆರೆಯಿತು. ಪೂರ್ತಿ ಅಲ್ಲ. ಆಸ್ಪತ್ರೆಗೆ ಹೋಗುವ ಎಂದು ನಾನೇ ಹೇಳಿದೆ. ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ ಎಂದು ಅಣ್ಣ ಕೇಳಲಿಲ್ಲ, ಅವನ ಮುಖ ಸುಣ್ಣದ ಹಾಗಿತ್ತು.

ಆಸ್ಪತ್ರೆಯಲ್ಲಿ ಆವಿಯ ಮದ್ದು ಕೊಟ್ಟು, ಉಸಿರು ಸರಿಯಾದ ಮೇಲೆ ಮನೆಗೆ ಕಳಿಸಿದರು. ಮರುದಿನ ನನ್ನ ಡಾಕ್ಟರರಲ್ಲಿಗೆ ಅಣ್ಣನನ್ನೂ ಕರೆದುಕೊಂಡು ಹೋದೆ, ಗಲ್ಫಿನ ಪಂಪನ್ನೂ ಮೇಜಿನ ಮೇಲಿಟ್ಟೆ. ಅವರು ಅದರ ಮೇಲಿನ ಬರಹ ಓದಿ, "ನಿನ್ನೆ ಇದನ್ನು ಎಳೆದ್ರಾ?" ಎಂದು ಕೇಳಿದರು. ಇಲ್ಲ ಎಂದೆ. "ಒಳ್ಳೆಯದಾಯ್ತು. ನಿಮ್ಮ ನೇರಳೆಯಲ್ಲಿ ಇರುವಂಥದ್ದೇ ಇದರಲ್ಲೂ ಉಂಟು. ಎರಡೂ ಸೇರಿದ್ರೆ ಎದೆ ಡವಡವ ಹೊಡ್ಕೊಳ್ತದೆ, ಕೈ ನಡುಗ್ತದೆ."

ಅಣ್ಣ ಮೆಲ್ಲಗೆ ಕೇಳಿದ. "ಹಾಗಾದ್ರೆ ಅಲ್ಲಿಯ ಮದ್ದು ಒಳ್ಳೆಯದಲ್ಲವಾ ಡಾಕ್ಟ್ರೇ?"

"ಒಳ್ಳೆಯದೇ. ನಿಮ್ಮ ರೂಮಿನವರಿಗೆ."

"ಒಂದರಲ್ಲೇ ಎರಡುಂಟಲ್ಲ, ಮತ್ತೆ ನೀಲಿ ಯಾಕೆ ಅಂತ ನನ್ನ ಲೆಕ್ಕ."

"ತುಂಬ ಜನರದ್ದು ಅದೇ ಲೆಕ್ಕ. ಕೆಲವರಿಗೆ ದಿನಾ ತೆಗೆಯಲಿಕ್ಕೂ ಕಟ್ಟಿದಾಗ ಎಳೆಯಲಿಕ್ಕೂ ಒಂದೇ ಪಂಪ್ ಕೊಡುವುದೂ ಉಂಟು, ಅದು ಬೇರೆ ಜಾತಿಯದ್ದು. ಯಾರಿಗೆ ಯಾವುದು ಅಂತ ಅವರವರ ಡಾಕ್ಟ್ರು ಹೇಳ್ಬೇಕು. ಇವರಿಗೆ ಹೇಳಿದ್ದು ಎರಡು."

ಹೊರಗೆ ಬಂದ ಮೇಲೆ ಅಣ್ಣ ಸ್ಕೂಟರಿನ ಕೀಲಿಯನ್ನು ತಿರುಗಿಸುತ್ತಾ ನಿಂತ. "ನಿನಗೆ ಎಂತಾದ್ರೂ ಆಗಿದ್ರೆ" ಎಂದ. "ಆಗಲಿಲ್ಲ ಅಲ್ವಾ, ಹೋಗುವ" ಎಂದೆ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗಾಗಲಿಲ್ಲ. ಆದರೆ ಬೀಗದ ಕಪಾಟಿನ ಮೇಲೆ ಇಟ್ಟುಕೊಂಡೆ.

ಮನೆಯಲ್ಲಿ ಪಂಚಾಯಿತಿ ತಯಾರಾಗಿತ್ತು. ಭಜನೆ ಸಾಕು ಎಂದು ಅತ್ತೆ ಹೇಳಿದರು. ಗಂಡ ಏನೂ ಹೇಳಲಿಲ್ಲ, ಅಂದರೆ ಅವರ ಒಪ್ಪಿಗೆಯೂ ಅದಕ್ಕೇ. ಕುಣಿದದ್ದರಿಂದ ಕಟ್ಟಿತು ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ನಾನು ಊಟದ ಬಟ್ಟಲು ಸರಿಸಿ ಹೇಳಿದೆ. "ಕುಣಿತದಿಂದ ಕಟ್ಟಲಿಲ್ಲ. ಹೊಗೆಯಿಂದ ಕಟ್ಟಿತು. ಕಟ್ಟಿದ್ದು ಬಿಡದೇ ಇದ್ದದ್ದು ಕಪಾಟಿನಿಂದ. ಬಿಡುವುದಾದ್ರೆ ಮೊದ್ಲು ಆ ಬೀಗ ಬಿಡುವ." ಅತ್ತೆ ನನ್ನನ್ನೇ ನೋಡಿದರು. "ನಾನು ನಿನ್ನ ಒಳ್ಳೆಯದಕ್ಕೆ ಇಟ್ಟದ್ದು" ಎಂದರು. "ಗೊತ್ತುಂಟು ಅತ್ತೆ. ಆದ್ರೆ ನನ್ನ ಒಳ್ಳೆಯದು ನನ್ನ ಕೈಗೆ ಸಿಗುವಲ್ಲಿ ಇರಲಿ."

ಮರುದಿನ ಬೆಳಿಗ್ಗೆ ಮಾಸ್ಟ್ರ ಫೋನು ಬಂತು. "ಅಕ್ಕ, ನೀವು ರೆಸ್ಟ್ ಮಾಡಿ. ನಿಮ್ಮ ಜಾಗಕ್ಕೆ ಬೇರೆ ಒಬ್ಬರನ್ನು ನೋಡಿದ್ದೇವೆ." ನಾನು ಆಯಿತು ಎಂದು ಫೋನು ಇಡಲಿಲ್ಲ, ಡಾಕ್ಟರು ಹೇಳಿದ ಮೇಲೆ ಬರುತ್ತೇನೆ ಎಂದೆ. ಡಾಕ್ಟರು ಒಂದು ವಾರ ಕಳೆದು ಬರಲು ಹೇಳಿದ್ದರು. ಆ ವಾರವೆಲ್ಲ ಅವರು ಹೇಳಿದ ಹಾಗೆಯೇ ಇದ್ದೆ, ಕುಣಿಯಲಿಲ್ಲ, ಕುಳಿತು ಬ್ಲೌಸು ಹೊಲಿದೆ. ಮತ್ತೆ ತೋರಿಸಿದಾಗ ಎದೆ ಸ್ವಚ್ಛ ಉಂಟು, ಮೆಲ್ಲಗೆ ಶುರು ಮಾಡಿ ಎಂದರು. ಅಲ್ಲಿಂದ ನೇರ ಬ್ಲೌಸಿನ ಕಟ್ಟು ಹೊತ್ತು ಮಂದಿರಕ್ಕೆ ಹೋದೆ.

ಮಾಸ್ಟ್ರು ಒಂದೊಂದನ್ನೇ ಬಿಡಿಸಿ ನೋಡಿ, "ಚೆಂದ ಆಗಿದೆ ಅಕ್ಕ" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಇದಕ್ಕೆ ಹುಕ್ಕು ಎಲ್ಲಿ?"

"ಹುಕ್ಕು ಡಬ್ಬಿಯಲ್ಲಿ ಉಂಟು. ನಾನು ವೃತ್ತದಲ್ಲಿ ನಿಂತ ದಿನ ಹಾಕ್ತೇನೆ."

"ಇದೆಂತ ಅಕ್ಕ, ಹೀಗೆ ಮಾಡಿದ್ರೆ?"

"ನೀವು ಹಾಗೆ ಮಾಡಿದ್ರಿ, ನಾನು ಹೀಗೆ ಮಾಡಿದೆ."

ಅವರಿಗೆ ನಗು ಬಂತು, ತಡೆದುಕೊಂಡರು. ನಾನು ನಗಲಿಲ್ಲ. ಎದೆಯಲ್ಲಿ ಸಿಳ್ಳೆ ಬಂದರೆ ನಾನೇ ಹೊರಗೆ ಬರುತ್ತೇನೆ, ಆಗ ಯಾರೂ ಎಣ್ಣೆ ತರಬಾರದು, ಮಲಗಿಸಬಾರದು, ನನ್ನ ಪಂಪನ್ನು ಯಾರೂ ಮುಟ್ಟಬಾರದು. ಧೂಪ ವೃತ್ತದ ಹತ್ತಿರ ಬೇಡ, ಗರ್ಭಗುಡಿಯ ಎದುರು ಸಾಕು. ಪಕ್ಕದ ಮನೆಯವರಿಗೆ ಅಭ್ಯಾಸದ ಹೊತ್ತಿಗೆ ಬೆಂಕಿ ಹಾಕಬೇಡಿ ಎಂದು ಹೇಳಬೇಕು, ಅದು ಮಾಸ್ಟ್ರ ಕೆಲಸ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ, ಬೇಕೆಂದೇ. ದೊಡ್ಡ ಮನೆಯ ಅಕ್ಕ ಬದಿಯಲ್ಲಿ ನಿಂತು ಕೇಳುತ್ತಿದ್ದರು. ಈ ಸಲ ಅವರು ಬೇಡ ಎನ್ನಲಿಲ್ಲ. ಮಾಸ್ಟ್ರು ಹುಕ್ಕಿಲ್ಲದ ಬ್ಲೌಸುಗಳನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟು, "ನಾಳೆ ಸಂಜೆ ಬನ್ನಿ" ಎಂದರು.

ಉಳಿದ ಬ್ಲೌಸಿನ ತುಂಡಿನಲ್ಲಿ ನಾನೊಂದು ಪುಟ್ಟ ಚೀಲ ಹೊಲಿದೆ. ನೀಲಿ ಪಂಪು ಹಿಡಿಸುವಷ್ಟೇ ಅಳತೆ, ಬಾಯಿಗೆ ಒಂದು ಗುಂಡಿ, ಕಟ್ಟಲು ಎರಡು ಲಾಡಿ. ಕುಣಿತ ಭಜನೆಯಲ್ಲಿ ಸೀರೆಯ ಮೇಲೆ ಸೊಂಟಕ್ಕೊಂದು ಶಾಲು ಬಿಗಿಯುತ್ತಾರೆ. ಚೀಲವನ್ನು ಆ ಶಾಲಿನ ಮೇಲೆ ಕಟ್ಟುವುದೆಂದು ಮಾಡಿದೆ. ಉತ್ಸವದ ದಿನ ಹೊರಡುವಾಗ ಅತ್ತೆ ಅದನ್ನು ನೋಡಿದರು. "ಶಾಲಿನ ಒಳಗೆ ಕಟ್ಟು ಮಗಾ. ಕಾಣ್ತದೆ."

"ಕಾಣಲಿ" ಎಂದೆ.

ದೀಪ ಹಚ್ಚಿದರು, ತಬಲ ಶುರುವಾಯಿತು. ಮೊದಲ ಹಾಡಿಗೆ ನನ್ನ ಹೆಜ್ಜೆ ತಪ್ಪಿತು, ಎರಡನೆಯದಕ್ಕೆ ಕೂಡಿ ಬಂತು. ನಡುವೆ ಒಂದು ಹಾಡಿನಲ್ಲಿ ಹೆಜ್ಜೆ ಬಹಳ ಓಡಿದಾಗ ಉಸಿರು ಏರಿತು. ಹೇಳಿದ ಹಾಗೆಯೇ ವೃತ್ತದಿಂದ ಹೊರಗೆ ಬಂದು ನಿಂತು, ಎದೆಯ ಸದ್ದು ಕೇಳಿಸಿಕೊಂಡೆ. ಸಿಳ್ಳೆ ಇರಲಿಲ್ಲ. ಬರೀ ಸುಸ್ತು, ಎಲ್ಲರಿಗೂ ಆಗುವಂಥದ್ದು. ಎಲ್ಲರಿಗೂ ಆಗುವ ಸುಸ್ತು ನನಗೂ ಆಗಿದೆ ಎಂದು ನನಗೆ ಅಳು ಬರುವಷ್ಟು ಸಂತೋಷವಾಯಿತು. ನೀರು ಕುಡಿದು ಒಳಗೆ ಹೋದೆ. ಕೊನೆಯ ಹಾಡಿನ ತನಕ ಚೀಲದ ಗುಂಡಿ ತೆಗೆಯಬೇಕಾಗಲಿಲ್ಲ, ಆದರೆ ಅದು ಪ್ರತಿ ಹೆಜ್ಜೆಗೂ ನನ್ನ ಸೊಂಟಕ್ಕೆ ತಾಗುತ್ತಿತ್ತು.

ಊಟಕ್ಕೆ ಮೊದಲು ಮಂದಿರದ ನಳ್ಳಿಯ ಹತ್ತಿರ ನಿಂತು ರಾತ್ರಿಯ ನೇರಳೆಯನ್ನೂ ಎಲ್ಲರೆದುರೇ ಎಳೆದೆ, ಬಾಯಿ ಮುಕ್ಕಳಿಸಿ ಉಗುಳಿದೆ. ಗಂಡನ ಕಡೆಯ ನೆಂಟರೊಬ್ಬರು, "ಎಂತ ಅದು?" ಎಂದು ಕೇಳಿದರು. "ದಮ್ಮಿನ ಪಂಪು" ಎಂದೆ. ಅವರು ಬಾಳೆಹಣ್ಣು ತಿನ್ನಬಾರದೆಂದು ಹೇಳಿದರು. ಊಟದ ಜೊತೆ ಒಂದು ಬಾಳೆಹಣ್ಣು ತಿಂದೆ.

ಅತ್ತೆ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ನೆಂಟರು ಬಂದರೆ ಟಿವಿಯ ಬದಿಯಿಂದ ನೇರಳೆಯನ್ನು ಎತ್ತಿಡಲು ನೋಡುತ್ತಾರೆ, ನಾನು ತಂದು ಅಲ್ಲೇ ಇಡುತ್ತೇನೆ. ಆದರೆ ಬೀಗ ಹಾಕುವುದನ್ನು ಬಿಟ್ಟಿದ್ದಾರೆ.

ಉತ್ಸವ ಕಳೆದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗ ದೊಡ್ಡ ಮನೆಯ ಅಕ್ಕ ಬಂದರು. ಬ್ಲೌಸಿನ ತೋಳು ಸ್ವಲ್ಪ ಬಿಡಬೇಕಿತ್ತು ಎಂದರು. ತೋಳು ಸರಿಯಾಗಿಯೇ ಇತ್ತು, ನಾನೇ ಅಳತೆ ತೆಗೆದದ್ದು. ಸುಮ್ಮನೆ ಟೇಪು ಹಿಡಿದೆ. ಅವರು ಬಾಗಿಲಿನ ಕಡೆಗೊಮ್ಮೆ ನೋಡಿ, "ನೀವು ಸೊಂಟಕ್ಕೆ ಕಟ್ಟಿದ್ರಲ್ಲ, ಆ ಚೀಲ. ಅಂಥದ್ದೊಂದು ನನಗೆ ಬೇಕಿತ್ತು" ಎಂದರು.

"ಎಂತ ಇಡ್ಲಿಕ್ಕೆ ಅಕ್ಕ? ಅಳತೆ ಗೊತ್ತಾಗ್ಬೇಕಲ್ಲ."

ಅವರು ವ್ಯಾನಿಟಿ ಬ್ಯಾಗಿನ ತಳಕ್ಕೆ ಕೈ ಹಾಕಿದರು. ಕರ್ಚೀಫಿನಲ್ಲಿ ಸುತ್ತಿದ್ದ ಒಂದು ನೀಲಿ ಪಂಪನ್ನು ತೆಗೆದು ಕಟಿಂಗ್ ಮೇಜಿನ ಮೇಲಿಟ್ಟರು. ಬಾಯಿಯ ಅಂಚು ಸವೆದು ಬಿಳಿಚಿತ್ತು. ಮಂದಿರದ ಹಿಂಬದಿಗೆ ಅವರು ಹೋಗುತ್ತಿದ್ದದ್ದು ಮುಖ ತೊಳೆಯಲಿಕ್ಕಲ್ಲ, ಇದನ್ನು ಎಳೆಯಲಿಕ್ಕೆ ಎಂದು ನನಗೆ ಆಗ ಗೊತ್ತಾಯಿತು. "ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ" ಎಂದರು.

"ದಿನಾ ತೆಗೆಯುವುದು ಬೇರೆ ಕೊಟ್ಟಿದ್ದಾರಾ?"

"ಇಲ್ಲ. ಇದೊಂದೇ. ತುಂಬ ಸಲ ಬೇಕಾಗ್ತದೆ ಈಗ."

ಹಿಂದೆ ಕುಳಿತು ತಾಳ ಹಾಕಿ ಎಂದ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿದೆ. ನನ್ನ ಡಾಕ್ಟರು ಕೂರುವ ಜಾಗ ಹೇಳಿದೆ, ಇವತ್ತೇ ಹೋಗಿ, ಬೇಕಿದ್ದರೆ ನಾನೂ ಬರುತ್ತೇನೆ, ನನ್ನ ನೇರಳೆಯನ್ನು ಕೇಳಬೇಡಿ, ಅದು ನನಗೆ ಬರೆದದ್ದು ಎಂದೆ. ಆಮೇಲೆ ಪಂಪನ್ನು ಕೈಗೆತ್ತಿಕೊಂಡು ಟೇಪು ಹಿಡಿದು ಅಳತೆ ತೆಗೆದೆ. ಅದು ನನ್ನದರ ಅಳತೆಯೇ.

"ಲಾಡಿ ಹೇಗೆ ಇಡುವುದು ಅಕ್ಕ? ಶಾಲಿನ ಒಳಗೆ ಕಟ್ಟಲಿಕ್ಕಾ, ಹೊರಗೆ ಕಟ್ಟಲಿಕ್ಕಾ?"

ಅವರು ಮೇಜಿನ ಮೇಲಿನ ಕರ್ಚೀಫನ್ನು ಮಡಚಿ ಬ್ಯಾಗಿಗೆ ಹಾಕಿದರು. ಹೊರಗೆ ಬಸ್ಸೊಂದು ಹಾರ್ನ್ ಹಾಕಿ ಹೋಯಿತು.

"ಹೊರಗೆ" ಎಂದರು.